ಕಾಪಾಡಲು ಒಯ್ಯುವವರು ಪಟ್ಟಿ ಕೊಟ್ಟು ಒಯ್ಯುತ್ತಾರೆ

ಶಿರಸಿಯ ಓದುಗರೊಬ್ಬರ ಪತ್ರ: "ಉಕ್ರೇನಿನ ಖೆರ್ಸಾನ್ ಕಲಾ ಮ್ಯೂಸಿಯಂ ಲೂಟಿಯಾದ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಊರಿನ ಮೇಲೆ ಬಾಂಬ್ ಬೀಳುವಾಗ ಚಿತ್ರಗಳನ್ನು ಬೇರೆ ಕಡೆ ಸಾಗಿಸಿದ್ದು ಒಳ್ಳೆಯದೇ ಆಯಿತು, ಅಲ್ವಾ? ಜನರೇ ಸಾಯುತ್ತಿರುವಾಗ ಚಿತ್ರಗಳಿಗೆ ಇಷ್ಟು ಪುಟ ಬೇಕಿತ್ತೇ?"

ಸಂಪಾದಕರ ಉತ್ತರ:

ನಿಮ್ಮ ಮೊದಲ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಖೆರ್ಸಾನ್ ಬಿಡುಗಡೆಯಾದ ಮೇಲೂ ಅಲ್ಲಿ ಶೆಲ್ ಬೀಳುವುದು ನಿಲ್ಲಲಿಲ್ಲ. ಆದರೆ ಆ ಶೆಲ್ ಹಾರಿಸುತ್ತಿದ್ದದ್ದು ಚಿತ್ರ ಒಯ್ದ ರಷ್ಯಾದ ಸೇನೆಯೇ.

ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. 2022ರ ಮಾರ್ಚ್‌ನಲ್ಲಿ ರಷ್ಯಾ ಸೇನೆ ಊರನ್ನು ಹಿಡಿಯಿತು. ಮ್ಯೂಸಿಯಂ ಕಟ್ಟಡದ ದುರಸ್ತಿ ನಡೆದಿತ್ತು. ಅದನ್ನೇ ನೆಪ ಮಾಡಿ ನಿರ್ದೇಶಕಿ ಅಲಿನಾ ದೋತ್ಸೆಂಕೊ ಮತ್ತು ಸಂಗಡಿಗರು "ಚಿತ್ರಗಳು ಇಲ್ಲಿಲ್ಲ, ಆಗಲೇ ಸಾಗಿಸಿದ್ದೇವೆ" ಎಂದುಬಿಟ್ಟರು. ಚಿತ್ರಗಳೆಲ್ಲ ಅದೇ ಕಟ್ಟಡದಲ್ಲಿದ್ದವು! ಕೆಲವು ತಿಂಗಳು ಈ ಮಾತು ನಡೆಯಿತು. ಕೊನೆಗೆ ಗುಟ್ಟು ರಟ್ಟಾಯಿತು. ಅಕ್ಟೋಬರ್ 31ರಿಂದ ನವೆಂಬರ್ ಮೊದಲ ವಾರದವರೆಗೆ ಚಿತ್ರಗಳನ್ನು ಲಾರಿಗೆ ತುಂಬಿ, ರಷ್ಯಾದ ಹಿಡಿತದಲ್ಲಿದ್ದ ಕ್ರೈಮಿಯಾದ ಸಿಮ್ಫೆರೊಪೋಲ್ ಊರಿಗೆ ಸಾಗಿಸಿದರು. ಮ್ಯೂಸಿಯಂನವರ ಲೆಕ್ಕದಲ್ಲಿ ಹೋದದ್ದು 10,000ಕ್ಕೂ ಜಾಸ್ತಿ ಕೃತಿಗಳು. ನವೆಂಬರ್ 11ರಂದು ಉಕ್ರೇನ್ ಸೇನೆ ಊರಿಗೆ ಮರಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾಪಾಡಲು ಒಯ್ಯುವವರು ಯಜಮಾನರನ್ನು ಕೇಳುತ್ತಾರೆ, ಪಟ್ಟಿ ಕೊಡುತ್ತಾರೆ, ವಾಪಸು ತರುತ್ತೇವೆ ಎನ್ನುತ್ತಾರೆ. ಇಲ್ಲಿ ಆದದ್ದೇ ಬೇರೆ. ಹಿಡಿದುಕೊಂಡ ಪ್ರದೇಶಗಳ ಮ್ಯೂಸಿಯಂ ಸಂಗ್ರಹಗಳನ್ನು ತನ್ನ ದೇಶದ ಸಂಗ್ರಹಕ್ಕೆ ಸೇರಿಸಿಕೊಳ್ಳಲು 2023ರಲ್ಲಿ ರಷ್ಯಾ ಕಾನೂನನ್ನೇ ಮಾಡಿತು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ವಸ್ತುಗಳನ್ನು ಕಾಪಾಡಲು ಮಾಡಿದ 1954ರ ಹೇಗ್ ಒಪ್ಪಂದದ ಮೊದಲ ಪ್ರೋಟೊಕಾಲ್‌ಗೆ (ಪೂರಕ ಒಪ್ಪಂದಕ್ಕೆ) ಆ ದೇಶವೂ ಒಪ್ಪಿದೆ. ಹಿಡಿದುಕೊಂಡ ನೆಲದಿಂದ ಇಂಥ ವಸ್ತುಗಳನ್ನು ಹೊರಗೆ ಸಾಗಿಸಬಾರದು, ಯುದ್ಧ ಮುಗಿದಾಗ ಮರಳಿಸಬೇಕು, ಪರಿಹಾರದ ಲೆಕ್ಕದಲ್ಲೂ ಇಟ್ಟುಕೊಳ್ಳುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. 1941ರಲ್ಲಿ ಜರ್ಮನ್ನರು ರಷ್ಯಾದ ಲೆನಿನ್‌ಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಪಕ್ಕದ ಅರಮನೆಯಿಂದ, ಗೋಡೆಗೆಲ್ಲ ಅಂಬರ್ ಹೊದಿಸಿದ್ದ 'ಅಂಬರ್ ಕೋಣೆ'ಯನ್ನೇ ಕಿತ್ತೊಯ್ದರು, ಅದು ಮತ್ತೆ ಸಿಗಲೇ ಇಲ್ಲ. ಆ ನೋವು ಉಂಡ ದೇಶವೇ ಹೀಗೆ ಮಾಡಿದ್ದು ನನಗೆ ಜಾಸ್ತಿ ಸಂಕಟ ಕೊಡುತ್ತದೆ.

ಚಿತ್ರಗಳು ಹೋದರೂ ದಾಖಲೆ ಉಳಿಯಿತು. ಸಂಗ್ರಹದ ಡಿಜಿಟಲ್ ಪಟ್ಟಿಯನ್ನು ದೋತ್ಸೆಂಕೊ ಊರಿಂದ ಹೊರಗೆ ಸಾಗಿಸಿದ್ದರು. ಸಿಮ್ಫೆರೊಪೋಲ್‌ನಲ್ಲಿ ತೆಗೆದ ಪ್ರಚಾರದ ವಿಡಿಯೊ ಹೊರಬಂದಾಗ ಸಿಬ್ಬಂದಿ ಅದನ್ನು ಒಂದೊಂದು ಫ್ರೇಮಿಗೂ ನಿಲ್ಲಿಸಿ ನೋಡಿದರು. ಗೋಡೆಗೆ ಒರಗಿಸಿಟ್ಟ ಚಿತ್ರದ ಒಂದು ಮೂಲೆ ಕಂಡರೂ ಪಟ್ಟಿಯ ಜೊತೆ ಹೋಲಿಸಿದರು. ಹೀಗೆ ನೂರರಷ್ಟು ಕೃತಿಗಳ ಗುರುತು ಸಿಕ್ಕಿದೆ. ಎಂಥ ತಾಳ್ಮೆ ನೋಡಿ!

ಪಟ್ಟಿಯ ಬೆಲೆ ಏನೆಂದು ಪ್ಯಾರಿಸ್ ಎಂದೋ ತೋರಿಸಿದೆ. ಎರಡನೇ ಮಹಾಯುದ್ಧದಲ್ಲಿ ಯಹೂದಿ ಕುಟುಂಬಗಳಿಂದ ದೋಚಿದ ಚಿತ್ರಗಳನ್ನು ನಾಜಿಗಳು ಅಲ್ಲಿನ ಜ ದ ಪೋಮ್ ಮ್ಯೂಸಿಯಂನಲ್ಲಿ ಗುಡ್ಡೆ ಹಾಕಿದ್ದರು. ಆ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ರೋಸ್ ವಲಾಂ ಎಂಬ ಮಹಿಳೆ ತಮಗೆ ಜರ್ಮನ್ ಅರ್ಥವಾಗುತ್ತದೆ ಎಂದು ತೋರಿಸಿಕೊಳ್ಳದೆ, ಯಾವ ಪೆಟ್ಟಿಗೆ ಎಲ್ಲಿಗೆ ಹೋಯಿತೆಂದು ಗುಟ್ಟಾಗಿ ಬರೆದಿಟ್ಟರು. ಸಿಕ್ಕಿಬಿದ್ದಿದ್ದರೆ ಪ್ರಾಣವೇ ಹೋಗುತ್ತಿತ್ತು. ಯುದ್ಧದ ನಂತರ ಸುಮಾರು 60,000 ವಸ್ತುಗಳು ಫ್ರಾನ್ಸಿಗೆ ಮರಳಿದವು. ಅವನ್ನು ಹುಡುಕುವುದರಲ್ಲಿ ಆಕೆಯ ಟಿಪ್ಪಣಿಗಳ ಪಾಲು ದೊಡ್ಡದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಜೀವಕ್ಕಿಂತ ಚಿತ್ರ ದೊಡ್ಡದೆಂದು ನಾವು ಬರೆದಿಲ್ಲ, ಬರೆಯುವುದೂ ಇಲ್ಲ. ಆದರೆ ಇದು ನಿಮ್ಮ ನೆಲವೇ ಅಲ್ಲ ಎನ್ನಲು ಬಂದವರು ಮ್ಯೂಸಿಯಂ ಖಾಲಿ ಮಾಡುವುದಕ್ಕೂ ಜನರನ್ನು ಕೊಲ್ಲುವುದಕ್ಕೂ ನಂಟಿದೆ. ಎರಡನ್ನೂ ವರದಿ ಮಾಡಬೇಕು ಎಂಬುದೇ ನನ್ನ ನಿಲುವು.

ಇಂಥ ಕೃತಿಗಳು ಮಾರಾಟಕ್ಕೆ ಬಂದರೆ ಗೊತ್ತಾಗುವುದು ಹೇಗೆ ಎಂದೂ ಕೆಲವರು ಕೇಳಿದ್ದಾರೆ. ಕಳುವಾದ ಕಲಾಕೃತಿಗಳಿಗಾಗಿ ಇಂಟರ್‌ಪೋಲ್ 'ಐಡಿ-ಆರ್ಟ್' ಎಂಬ ಆ್ಯಪ್ ಇಟ್ಟಿದೆ. ಅದು ಉಚಿತ. ಅನುಮಾನ ಬಂದ ಚಿತ್ರದ ಫೋಟೊ ಹಾಕಿ ಯಾರು ಬೇಕಾದರೂ ಹುಡುಕಬಹುದು.