ರೆಸಿಪಿ ಬರೆದು ಕೊಟ್ಟರೂ ಗೆಳೆಯರಿಗೆ ಅದೇ ರುಚಿ ಯಾಕೆ ಬರುವುದಿಲ್ಲ?

ನೀವು ಕೇಳಿರುವುದು ಇಷ್ಟು: ಮನಸ್ಸಿಗೆ ಹಿತವಾಗುವ ನಿಮ್ಮ ಬೇಳೆ ಸೂಪನ್ನು ಉಂಡ ಗೆಳೆಯರೆಲ್ಲ ರೆಸಿಪಿ ಕೇಳುತ್ತಾರೆ, ಬರೆದು ಕಳಿಸಿದರೆ ಅವರ ಮನೆಯಲ್ಲಿ ಸಪ್ಪೆಯಾಗುತ್ತದೆ, ಹಾಗಾದರೆ ಬರೆಯುವುದು ಬಿಟ್ಟು ವಿಡಿಯೋ ಮಾಡಿ ಕಳಿಸಲೇ? ಈ ಪ್ರಶ್ನೆಯನ್ನು ನಾನೂ ಹೊತ್ತು ತಿರುಗಿದ್ದೇನೆ. ವಿಡಿಯೋ ಬೇಡ. ಪಾತ್ರೆ ಎಷ್ಟು ಅಗಲ, ಉರಿ ಎಷ್ಟು, ಉಪ್ಪು ಎಷ್ಟು ಗ್ರಾಂ, ಇವೊಂದೂ ವಿಡಿಯೋದಲ್ಲಿ ಕಾಣುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನೋಡುವವರಿಗೆ ಬೇಸರವಾದೀತೆಂದು ನೀವು ಕತ್ತರಿಸಿ ಬಿಸಾಡುವ ಭಾಗವೇ ಅಡುಗೆಯ ಜೀವ. ಗೆಳೆಯರಿಗೆ ಕೈಗುಣ ಇಲ್ಲ ಎನ್ನುವ ಮಾತನ್ನೂ ಬಿಡಿ. ನೀವು ಕೊಟ್ಟ ಕಾಗದದಲ್ಲೇ ತಪ್ಪಿದೆ.

ಪ್ರಶ್ನೆಯ ಕೆಳಗೆ ನೀವು ಹಾಕಿರುವ ರೆಸಿಪಿಯ ಎರಡನೇ ಸಾಲು: "ಈರುಳ್ಳಿಯನ್ನು 5 ನಿಮಿಷ ಕೆಂಪಗೆ ಹುರಿಯಿರಿ." ಸೂಪು ಕೆಟ್ಟಿದ್ದು ಇಲ್ಲೇ.

ಐದು ನಿಮಿಷದಲ್ಲಿ ಯಾವ ಈರುಳ್ಳಿಯೂ ಕೆಂಪಾಗುವುದಿಲ್ಲ. ಈರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 89ರಷ್ಟು ನೀರು. ಆ ನೀರು ಇರುವಷ್ಟು ಹೊತ್ತೂ ಅದು ತನ್ನ ನೀರಿನಲ್ಲೇ ಬೇಯುತ್ತಿರುತ್ತದೆ, ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತಿರುತ್ತದೆ. ಕಂದು ಬಣ್ಣ ಮತ್ತು ಅದರ ಜೊತೆಗೆ ಬರುವ ಘಮ ಚುರುಕಾಗಿ ಹುಟ್ಟಲು ಸುಮಾರು 140 ಡಿಗ್ರಿ ಬೇಕು. ನೀರು ಆರುವ ತನಕ ಅಲ್ಲಿಗೆ ಮುಟ್ಟುವ ಪ್ರಶ್ನೆಯೇ ಇಲ್ಲ. ನೀರು ಆರಲು ಎಷ್ಟು ಹೊತ್ತು ಎನ್ನುವುದು ನಿಮ್ಮ ಗಡಿಯಾರಕ್ಕೆ ಗೊತ್ತಿಲ್ಲ, ಅದನ್ನು ತೀರ್ಮಾನಿಸುವುದು ಪಾತ್ರೆಯ ಅಗಲ, ಈರುಳ್ಳಿಯ ತೂಕ, ಉರಿ. 250 ಗ್ರಾಂ ಈರುಳ್ಳಿಯನ್ನು 28 ಸೆಂ.ಮೀ. ಅಗಲದ ಬಾಣಲೆಯಲ್ಲಿ ಹರಡಿ ಮಧ್ಯಮ ಉರಿಯಲ್ಲಿ ಹುರಿದರೆ ಸರಿಯಾದ ಕಂದು ಬರಲು 22ರಿಂದ 28 ನಿಮಿಷ ಬೇಕು. ಅದನ್ನೇ 18 ಸೆಂ.ಮೀ. ಅಗಲದ ಎತ್ತರದ ಪಾತ್ರೆಗೆ ಸುರಿದರೆ ಮೇಲಿನ ಪದರ ಕೆಳಗಿನದರ ಆವಿಯನ್ನು ತಡೆಹಿಡಿಯುತ್ತದೆ, 40 ನಿಮಿಷವಾದರೂ ಪೇಲವವಾಗಿಯೇ ಇರಬಹುದು.

ಈಗ ಗೆಳೆಯರ ಅಡುಗೆಮನೆಯಲ್ಲಿ ಆಗುವುದನ್ನು ಊಹಿಸಿ. ಐದು ನಿಮಿಷ ಮುಗಿಯಿತು, ಈರುಳ್ಳಿ ಇನ್ನೂ ಗಾಜಿನಂತೆ ಪಾರದರ್ಶಕ. ಕಾಗದವನ್ನು ನಂಬುವವರು ಅಲ್ಲಿಗೇ ನೀರು ಸುರಿಯುತ್ತಾರೆ. ನೀರು ಬಿದ್ದ ಮೇಲೆ ಆ ಈರುಳ್ಳಿ ಮತ್ತೆಂದೂ ಕಂದಾಗುವುದಿಲ್ಲ. ಸೂಪಿಗೆ ಸಿಹಿಯೂ ಇಲ್ಲ, ಘಮವೂ ಇಲ್ಲ, ಬೇಯಿಸಿದ ಈರುಳ್ಳಿಯ ವಾಸನೆ ಮಾತ್ರ. ಅದನ್ನು ಸರಿಮಾಡಲು ಉಪ್ಪು ಹಾಕುತ್ತಾರೆ, ಆಮೇಲೆ ಖಾರ, ಆಮೇಲೆ ಮತ್ತಷ್ಟು ಉಪ್ಪು. ಬಣ್ಣವನ್ನು ನಂಬುವ ಇನ್ನೊಂದು ಬಗೆಯವರು "ಕೆಂಪಗೆ" ಎಂದಿದೆಯಲ್ಲ ಎಂದು ಉರಿ ಜೋರು ಮಾಡುತ್ತಾರೆ. ಅಂಚು ಕಪ್ಪಾಗಿ ನಡುವೆ ಬಿಳಿಯೇ ಉಳಿಯುತ್ತದೆ, ಸೂಪು ಕಹಿಯಾಗುತ್ತದೆ. ಎರಡೂ ಕಡೆ ಅವರು ನಿಮ್ಮ ಮಾತನ್ನು ಪಾಲಿಸಿದ್ದಾರೆ. ನೀವೇ ನಿಮಿಷ ನೋಡಿ ಹುರಿಯುವವರಲ್ಲ, ಕಣ್ಣು ಮೂಗು ಹೇಳಿದಾಗ ನಿಲ್ಲಿಸುವವರು. ಬರೆಯುವಾಗ ಮಾತ್ರ ಏನೋ ಒಂದು ಅಂಕಿ ಇರಲಿ ಎಂದು 5 ಹಾಕಿದ್ದೀರಿ.

ಆದ್ದರಿಂದ ನಿಮಿಷದ ಜಾಗದಲ್ಲಿ ಗುರುತು ಬರೆಯಿರಿ. ಈರುಳ್ಳಿಗೆ ಒಳ್ಳೆಯ ಗುರುತುಗಳಿವೆ. ಮೊದಲು ಒದ್ದೆ ಸದ್ದು, ಸೊಯ್ಯೆಂದು ಒಂದೇ ಸಮ, ಜೊತೆಗೆ ಧಾರಾಳ ಆವಿ. ನೀರು ಆರಿದಾಗ ಸದ್ದು ಬದಲಾಗಿ ಚಿಟಪಟ ಶುರುವಾಗುತ್ತದೆ, ಆವಿ ಕಡಿಮೆಯಾಗುತ್ತದೆ, ಅಂಚಿನಲ್ಲಿ ಎಣ್ಣೆ ಬೇರೆಯಾಗಿ ಕಾಣುತ್ತದೆ. ಬಣ್ಣ ಬರುವುದು ಇಲ್ಲಿಂದ ಮುಂದೆ, ಉರಿ ತಗ್ಗಿಸಬೇಕಾದ್ದೂ ಇಲ್ಲೇ. ಘಾಟು ಹೋಗಿ ಸಿಹಿ ವಾಸನೆ ಬರಬೇಕು, ರಾಶಿ ಮೂರನೇ ಒಂದು ಭಾಗಕ್ಕೆ ಇಳಿಯಬೇಕು, ಬೆರಳಲ್ಲಿ ಒತ್ತಿದರೆ ಜಜ್ಜಿಹೋಗಬೇಕು. ತಳದಲ್ಲಿ ಕಂದು ಅಂಟು ಹಿಡಿದರೆ ಒಂದು ದೊಡ್ಡ ಚಮಚ ನೀರು ಹಾಕಿ ಕೆರೆದು ಕಲಸಿ. ಅದು ಕಪ್ಪಾಗಿರದಿದ್ದರೆ ರುಚಿಯೇ. ಚಿಟಿಕೆ ಸೋಡಾ ಹಾಕಿದರೆ ಬೇಗ ಕಂದಾಗುತ್ತದೆ ಎಂದು ಹೇಳುವವರಿದ್ದಾರೆ. ನಿಜ, ಆದರೆ ಈರುಳ್ಳಿ ಮುದ್ದೆಯಾಗುತ್ತದೆ, ಸ್ವಲ್ಪ ಹೆಚ್ಚಾದರೂ ಸಾಬೂನಿನ ರುಚಿ. ಗೆಳೆಯರಿಗೆ ಕೊಡುವ ರೆಸಿಪಿಯಲ್ಲಿ ಅದು ಬೇಡ.

ಬೇಳೆ ಬೇಯಿಸುವ ಸಾಲಿಗೂ ಇದೇ ರೋಗ. "20 ನಿಮಿಷ ಬೇಯಿಸಿ" ಎಂದಿದ್ದೀರಿ. ಬೇಳೆ ಹಳೆಯದಾಗಿದ್ದರೆ, ನೀರು ಗಡುಸಾಗಿದ್ದರೆ 20 ನಿಮಿಷ ಸಾಲದು. ಎತ್ತರದ ಊರಲ್ಲಿ ನೀರು ಕುದಿಯುವ ಬಿಸಿಯೇ ಕಡಿಮೆ, ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. 1500 ಮೀಟರ್ ಎತ್ತರದಲ್ಲಿ 95ಕ್ಕೇ ಕುದಿ ಬರುತ್ತದೆ, ಬೇಳೆ ನಿಧಾನ. ಟೊಮೆಟೊವನ್ನು ನೀವು ಬೇಳೆಯ ಜೊತೆಗೇ ಹಾಕಿಸಿದ್ದೀರಿ, ಅದು ಇನ್ನೂ ದೊಡ್ಡ ಅಡ್ಡಿ. ಹುಳಿ ಇದ್ದಲ್ಲಿ ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಅಂಟು ಕರಗದೆ ಗಟ್ಟಿಯಾಗಿಯೇ ಉಳಿಯುತ್ತದೆ. ಬೇಳೆ ಪೂರ್ತಿ ಒಡೆದ ಮೇಲೆ ಟೊಮೆಟೊ, ಒಲೆ ಆರಿಸಿದ ಮೇಲೆ ನಿಂಬೆ. ಉಪ್ಪಿನ ಮೇಲೆ ಈ ಆರೋಪ ಹೊರಿಸುವವರು ಬಹಳ, ಅದನ್ನು ಮೊದಲೇ ಹಾಕಿದರೂ ಬೇಳೆ ಬೇಯುತ್ತದೆ.

ಅಳತೆಯ ಮಾತು. ಕಪ್ಪು, ಚಮಚ ನಂಬುವಂಥವಲ್ಲ. ಅಮೆರಿಕದ ಕಪ್ಪು ಸುಮಾರು 237 ಮಿ.ಲೀ., ಮೆಟ್ರಿಕ್ ಕಪ್ಪು 250, ರೈಸ್ ಕುಕ್ಕರಿನ ಜೊತೆ ಬರುವ ಕಪ್ಪು 180. ದೊಡ್ಡ ಚಮಚ ಹೆಚ್ಚಿನ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20. ಪುಡಿ ಉಪ್ಪು ಸಮತಟ್ಟು ಸಣ್ಣ ಚಮಚಕ್ಕೆ 6 ಗ್ರಾಂ ತೂಗಿದರೆ ಹಗುರವಾದ ಹಳುಕು ಉಪ್ಪು ಅದರ ಅರ್ಧದಷ್ಟೇ ತೂಗಬಹುದು. "ಒಂದೂವರೆ ಚಮಚ ಉಪ್ಪು" ಓದಿದ ಇಬ್ಬರಲ್ಲಿ ಒಬ್ಬರಿಗೆ ಸಪ್ಪೆ, ಇನ್ನೊಬ್ಬರಿಗೆ ಉಪ್ಪುಪ್ಪು. ಗ್ರಾಂ ಬರೆಯಿರಿ.

ಕಣ್ಣಂದಾಜಿನಲ್ಲಿ ಹಾಕುವವರು ಗ್ರಾಂ ಹೇಗೆ ಬರೆಯಬೇಕು? ಕೈಯನ್ನು ಅಳೆಯಲು ಹೋಗಬೇಡಿ, ಡಬ್ಬಿಯನ್ನು ಅಳೆಯಿರಿ. ಅಡುಗೆಗೆ ಮೊದಲು ಉಪ್ಪಿನ ಡಬ್ಬಿ, ಎಣ್ಣೆಯ ಬಾಟಲಿ, ಜೀರಿಗೆ ಡಬ್ಬಿ ಒಂದೊಂದನ್ನೂ ತೂಗಿ ಬರೆದಿಡಿ. ಆಮೇಲೆ ಎಂದಿನಂತೆ ಮಾಡಿ, ಕೊನೆಯಲ್ಲಿ ರುಚಿ ನೋಡಿ ಉದುರಿಸುವ ಚಿಟಿಕೆಯೂ ಅದೇ ಡಬ್ಬಿಯಿಂದಲೇ ಬರಲಿ. ಮುಗಿದ ಮೇಲೆ ಮತ್ತೆ ತೂಗಿದರೆ ವ್ಯತ್ಯಾಸವೇ ನಿಮ್ಮ ಅಳತೆ. ಎಣ್ಣೆಯ ಅಂಕಿ ನೋಡಿ ಹೆಚ್ಚಿನವರು ಬೆಚ್ಚಿಬೀಳುತ್ತಾರೆ. ನಾಚಿಕೆಪಟ್ಟು ಕಡಿಮೆ ಬರೆದರೆ ಗೆಳೆಯರ ಈರುಳ್ಳಿ ತಳ ಹಿಡಿಯುತ್ತದೆ.

ಇನ್ನು ನನ್ನ ಪ್ರಕಾರ ಮನೆ ರೆಸಿಪಿಗಳಲ್ಲಿ ಯಾರೂ ಬರೆಯದ, ಆದರೆ ಎಲ್ಲಕ್ಕಿಂತ ಉಪಯೋಗದ ಅಂಕಿ: ಕೊನೆಯ ತೂಕ. ಖಾಲಿ ಪಾತ್ರೆಯನ್ನು ಮೊದಲೇ ತೂಗಿಡಿ, ಸೂಪು ಆದ ಮೇಲೆ ಪಾತ್ರೆಸಮೇತ ತೂಗಿ ಕಳೆಯಿರಿ. ಎಷ್ಟು ನೀರು ಆವಿಯಾಗುತ್ತದೆ ಎನ್ನುವುದು ಪಾತ್ರೆಯ ಬಾಯಿ, ಮುಚ್ಚಳ, ಉರಿ ಇವುಗಳಿಗೆ ಬಿಟ್ಟದ್ದು, ನೀವು ಅದನ್ನು ದೂರದಿಂದ ನಿಯಂತ್ರಿಸಲಾರಿರಿ. ಕೊನೆಗೆ 1500 ಗ್ರಾಂ ಇರಬೇಕು ಎಂದು ಬರೆದರೆ ಸಾಕು. ಹೆಚ್ಚಿದ್ದರೆ ಅವರು ಇನ್ನಷ್ಟು ಕುದಿಸುತ್ತಾರೆ, ಕಡಿಮೆ ಇದ್ದರೆ ಬಿಸಿನೀರು ಸೇರಿಸುತ್ತಾರೆ. ಹದವೂ ಉಪ್ಪೂ ಒಟ್ಟಿಗೆ ಕೂಡಿಬರುತ್ತವೆ. ಎರಡರಷ್ಟು ಮಾಡುವವರಿಗೂ ಇದೇ ಅಂಕಿ ದಾರಿ ತೋರಿಸುತ್ತದೆ, ಯಾಕೆಂದರೆ ಸಾಮಾನು ಎರಡರಷ್ಟಾದರೂ ಅದೇ ಪಾತ್ರೆಯಲ್ಲಿ ಆವಿ ಎರಡರಷ್ಟಾಗುವುದಿಲ್ಲ, ಸೂಪು ನೀರಾಗಿಯೇ ಉಳಿಯುತ್ತದೆ. ಈರುಳ್ಳಿಯನ್ನಂತೂ ಆಗ ಎರಡು ಸಲ ಬೇರೆಬೇರೆಯಾಗಿ ಹುರಿಯಬೇಕು.

ನಿಮ್ಮ ಸೂಪನ್ನು ನಾನು ಬರೆದರೆ ಹೀಗಿರುತ್ತದೆ, ನಾಲ್ಕು ಜನಕ್ಕೆ:

"ಮಸೂರ್ ಬೇಳೆ 200 ಗ್ರಾಂ, ಕಿತ್ತಳೆ ಬಣ್ಣದ್ದು, ಸಿಪ್ಪೆ ತೆಗೆದು ಒಡೆದದ್ದು. ಸಿಪ್ಪೆ ಇರುವ ಇಡೀ ಕಾಳು ತರಬೇಡ, ಅದು ಕರಗುವುದಿಲ್ಲ. ಈರುಳ್ಳಿ 250 ಗ್ರಾಂ, ಸಿಪ್ಪೆ ತೆಗೆದ ಮೇಲಿನ ತೂಕ, 3 ಮಿ.ಮೀ. ದಪ್ಪದ ಸೀಳು. ಎಣ್ಣೆ 40 ಗ್ರಾಂ. ಬೆಳ್ಳುಳ್ಳಿ 15 ಗ್ರಾಂ, ಸಣ್ಣಗೆ ಹೆಚ್ಚಿದ್ದು. ಜೀರಿಗೆ 3 ಗ್ರಾಂ. ಟೊಮೆಟೊ 200 ಗ್ರಾಂ. ಪುಡಿ ಉಪ್ಪು 10 ಗ್ರಾಂ. ನಿಂಬೆ ರಸ 20 ಮಿ.ಲೀ. ನೀರು 1200 ಮಿ.ಲೀ. ಪಾತ್ರೆಯ ಖಾಲಿ ತೂಕ ಮೊದಲೇ ಬರೆದುಕೋ.

ಬೇಳೆಯನ್ನು ನೀರು ತಿಳಿಯಾಗುವ ತನಕ ತೊಳೆದು 1200 ಮಿ.ಲೀ. ನೀರಲ್ಲಿ ಕುದಿಯಲು ಇಡು. ನೊರೆ ಉಕ್ಕುತ್ತದೆ, ತೆಗೆದುಹಾಕು, ಮುಚ್ಚಳ ಓರೆಯಾಗಿರಲಿ. ಆಮೇಲೆ ಸಣ್ಣ ಉರಿ. ಸೌಟಿನ ಬೆನ್ನಿಂದ ಒತ್ತಿದಾಗ ಬೇಳೆಯ ಆಕಾರವೇ ಉಳಿಯಬಾರದು, ಸಾಮಾನ್ಯವಾಗಿ 20ರಿಂದ 25 ನಿಮಿಷ. ಅಷ್ಟರಲ್ಲಿ ಅಗಲ ಬಾಣಲೆಯಲ್ಲಿ ಎಣ್ಣೆ, ಈರುಳ್ಳಿ, ಆ ಉಪ್ಪಿನಲ್ಲೇ 2 ಗ್ರಾಂ. ಮಧ್ಯಮ ಉರಿ, ಚಿಟಪಟ ಶುರುವಾದಾಗ ತಗ್ಗಿಸು, ಗಾಢ ಕಂದು ಬಂದಾಗ ಬದಿಗೆ ಸರಿಸಿ ಜೀರಿಗೆ, ಅದು ಸಿಡಿದ ಮೇಲೆ ಬೆಳ್ಳುಳ್ಳಿ. ಬೆಳ್ಳುಳ್ಳಿ ಹಸಿ ವಾಸನೆ ಬಿಟ್ಟರೆ ಸಾಕು, ಕಂದಾದರೆ ಕಹಿ. ಟೊಮೆಟೊ ಹಾಕಿ ಎಣ್ಣೆ ಬಿಡುವ ತನಕ ಬಾಡಿಸು. ಇದನ್ನೆಲ್ಲ ಒಡೆದ ಬೇಳೆಗೆ ಸುರಿ, ಬಾಣಲೆಗೆ ಒಂದು ಸೌಟು ಸೂಪು ಹಾಕಿ ತಳ ಕೆರೆದು ಅದನ್ನೂ ಸೇರಿಸು. ಉಳಿದ ಉಪ್ಪು ಹಾಕಿ 10 ನಿಮಿಷ ಸಣ್ಣಗೆ ಕುದಿಸು. ಕೊನೆಯ ತೂಕ 1500 ಗ್ರಾಂ. ಒಲೆ ಆರಿಸಿ ನಿಂಬೆ."

ಅಷ್ಟೇ. "ರುಚಿಗೆ ತಕ್ಕಷ್ಟು" ಎಂಬ ಮಾತು ಇದರಲ್ಲಿ ಇಲ್ಲ, ಬೇಕಿದ್ದರೆ ಎಂಬ ಪಟ್ಟಿಯೂ ಇಲ್ಲ. 1500 ಗ್ರಾಂ ಸೂಪಿಗೆ 10 ಗ್ರಾಂ ಉಪ್ಪು ಎಂದರೆ ನೂರಕ್ಕೆ 0.7ರ ಹತ್ತಿರ, ಹೆಚ್ಚಿನವರ ನಾಲಿಗೆಗೆ ಸರಿಹೊಂದುವ ಜಾಗ. ಉಪ್ಪು ಕಡಿಮೆ ಬೇಕಾದವರು ಇಲ್ಲಿಂದ ಇಳಿಸಿಕೊಳ್ಳಲಿ.

ಕುಕ್ಕರಿನಲ್ಲಿ ಮಾಡುತ್ತೇನೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ಮಾಡಲಿ, ಆದರೆ ಕುಕ್ಕರಿನಿಂದ ಆವಿ ಹೆಚ್ಚು ಹೋಗುವುದಿಲ್ಲ, ನೀರು 900 ಮಿ.ಲೀ. ಸಾಕು. ಬೇಳೆ ನೊರೆಯುವುದರಿಂದ ಅರ್ಧಕ್ಕಿಂತ ಮೇಲೆ ತುಂಬಬಾರದು, ನೊರೆ ಆವಿಯ ದಾರಿಯನ್ನು ಕಟ್ಟಿಬಿಡುತ್ತದೆ. ಬೇಳೆಯ ಬದಲು ಕೆಂಪು ರಾಜ್ಮಾ ಹಾಕಲೇ ಎಂದು ಕೇಳುವವರಿಗೆ ಮಾತ್ರ ಗಂಭೀರವಾಗಿ ಉತ್ತರಿಸಿ. ಅದರಲ್ಲಿ ಲೆಕ್ಟಿನ್ ಎಂಬ ಹೊಟ್ಟೆ ಕೆಡಿಸುವ ವಿಷ ಇದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು, ಆಮೇಲೆ ಮೆತ್ತಗಾಗುವ ತನಕ ಬೇಯಿಸಬೇಕು. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗೆ ನೇರವಾಗಿ ಹಾಕಿದರೆ ಆ ವಿಷ ಸಾಯುವಷ್ಟು ಬಿಸಿ ಬರದೇ ಇರಬಹುದು.

ಉಳಿದದ್ದನ್ನು ಅಗಲ ಪಾತ್ರೆಗೆ ಹರಡಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಲು ಬರೆಯಿರಿ, ಮೂರು ದಿನದೊಳಗೆ ಮುಗಿಸಲಿ. ಮರುದಿನ ಅದು ಗಟ್ಟಿಯಾಗಿರುತ್ತದೆ, ಕೆಟ್ಟಿದೆಯೆಂದು ತಿಳಿಯುವವರೂ ಇದ್ದಾರೆ. ಬೇಳೆಯ ಪಿಷ್ಟ ನೀರು ಹೀರಿರುತ್ತದೆ ಅಷ್ಟೇ. ಮೊದಲು 150 ಮಿ.ಲೀ. ನೀರು ಕಲಸಿ ಆಮೇಲೆ ಉರಿ ಹಚ್ಚಬೇಕು, ಹಾಗೆಯೇ ಬಿಸಿಮಾಡಿದರೆ ತಳ ಹತ್ತುತ್ತದೆ.

ಒಂದು ಸಲಕ್ಕೆ ಒಂದೇ ರೆಸಿಪಿ ಕೊಡಿ. ಹತ್ತು ಕೊಟ್ಟರೆ ಯಾವುದನ್ನೂ ಮಾಡುವುದಿಲ್ಲ. ಮಾಡಿದವರನ್ನು "ಹೇಗಿತ್ತು?" ಎಂದು ಕೇಳಬೇಡಿ, ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಹುರಿದ ಈರುಳ್ಳಿಯ ಫೋಟೋ, ಕೊನೆಯ ತೂಕ, ಟೊಮೆಟೊ ಹಾಕಿದಾಗ ಬೇಳೆ ಹೇಗಿತ್ತು, ಈ ಮೂರು ಕೇಳಿ. ಫೋಟೋದಲ್ಲಿ ಈರುಳ್ಳಿ ಹೊಂಬಣ್ಣಕ್ಕೇ ನಿಂತಿದ್ದರೆ ಸಪ್ಪೆಗೆ ಅದೇ ಕಾರಣ. ತೂಕ 1800 ಇದ್ದರೆ ಉಪ್ಪು ಸರಿಯಿದ್ದರೂ ನೀರಾಗಿದೆ, ಮುಚ್ಚಳ ತೆಗೆದು ಕುದಿಸಲು ಹೇಳಿ. ಬೇಳೆ ಇಡಿಯಾಗಿದ್ದಾಗಲೇ ಟೊಮೆಟೊ ಬಿದ್ದಿದ್ದರೆ ಮತ್ತೆ ಅರ್ಧ ಗಂಟೆ ಬೇಯಿಸಿ ಕಡೆಗೋಲಿನಿಂದ ಕಡೆದರೆ ಆ ದಿನದ ಊಟಕ್ಕಾಗುತ್ತದೆ.