ಪ್ರತಿಕ್ರಿಯೆ: ಮಕ್ಕಳ ಸ್ವತಂತ್ರ ಓದಿಗೆ ಏನೆಂದು ಬರೆಯಬೇಕು?

ನಮಸ್ಕಾರ. ನಿಮ್ಮ ಮೂಡಿಗೆರೆಯ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳು ತಾವೇ ಆರಿಸಿಕೊಂಡ ಇಂಗ್ಲಿಷ್ ಪುಸ್ತಕಗಳ ಕುರಿತು ಬರೆದು ತರುವ ಟಿಪ್ಪಣಿಗಳಲ್ಲಿ ಸ್ಪೆಲಿಂಗ್ ತಿದ್ದಿ ಸಹಿ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಹಾಸನದಲ್ಲಿ ಇದೇ ವಿಷಯ ಬೋಧಿಸುವ ನನ್ನ ಅಭಿಪ್ರಾಯದಲ್ಲಿ ಆ ಪುಟಗಳಿಗೆ ಕೆಂಪು ಶಾಯಿ ತಾಗದಿರುವುದೇ ಮೇಲು. ಪದೇ ಪದೇ ಕಾಣುವ ತಪ್ಪುಗಳನ್ನು ವ್ಯಾಕರಣದ ಅವಧಿಯಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳಬಹುದು. ‘ಚೆನ್ನಾಗಿದೆ’ ಎಂಬ ಷರಾದಿಂದಲೂ ಮಗುವಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ, ಮಗು ಬರೆದ ಒಂದೇ ವಾಕ್ಯವನ್ನು ಹಿಡಿದು, ನಿಮಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಕೇಳಿ. ಪುಸ್ತಕ ನೀವು ಓದಿರದಿದ್ದರೆ ಅದನ್ನೂ ಮುಚ್ಚಿಡಬೇಡಿ.

ನಮ್ಮ ಊರಿನವರೇ ಆದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’, ಇದಕ್ಕೆ ಹೇಳಿಮಾಡಿಸಿದಂತಿದೆ. ಅನುವಾದಕಿ ದೀಪಾ ಭಾಸ್ತಿಯವರು ಹಲವು ಪದಗಳನ್ನು ಇಂಗ್ಲಿಷಿಗೆ ತಿರುಗಿಸದೆ ಹಾಗೆಯೇ ಉಳಿಸಿದ್ದೇಕೆ ಎಂದು ಕೇಳಿದರೆ, ಇಂಗ್ಲಿಷ್ ತಮ್ಮದಲ್ಲವೆಂದು ಹಿಂಜರಿಯುವ ಮಕ್ಕಳಿಗೂ ಹೇಳಲು ಏನಾದರೂ ಇದ್ದೇ ಇರುತ್ತದೆ. (ಎಲ್ಲ ಕಥೆಗಳೂ ಆ ವಯಸ್ಸಿಗೆ ಹೊಂದುವುದಿಲ್ಲ, ಮೊದಲು ನೀವೇ ಓದಿ ಆರಿಸಿ.)

ನಲವತ್ತಕ್ಕೂ ಒಮ್ಮೆಲೇ ಬರೆಯುವುದು ಅಸಾಧ್ಯವಾದ್ದರಿಂದ, ವಾರಕ್ಕೆ ಎಂಟರಂತೆ ತೆಗೆದುಕೊಂಡರೆ ಐದು ವಾರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ.