ಕಾನೂನು ಸಲಹೆ: ಕೊಲೆಯತ್ನದ ಆರೋಪ ಮತ್ತು ಆರೋಪಿಯ ಮನೋರೋಗ

ಪ್ರಶ್ನೆ: ನನ್ನ ತಮ್ಮನಿಗೆ ಹಲವು ವರ್ಷಗಳಿಂದ ಸ್ಕಿಜೋಫ್ರೀನಿಯಾ ಇದೆ. ಮಾತ್ರೆ ನಿಲ್ಲಿಸಿದ್ದ ಅವಧಿಯಲ್ಲಿ, ಪಕ್ಕದ ಮನೆಯವರು ನಮ್ಮ ಬಾವಿಗೆ ವಿಷ ಹಾಕಿದ್ದಾರೆ ಎಂದು ಕೂಗುತ್ತಾ ಅವರ ಮೇಲೆ ಮಚ್ಚು ಬೀಸಿದ. ಅವರ ತೋಳಿಗೆ ಗಾಯವಾಗಿದೆ, ಪ್ರಾಣಾಪಾಯವಿಲ್ಲ. ಆದರೂ ಕೊಲೆಯತ್ನದ ಕೇಸು ಹೇಗೆ ದಾಖಲಾಯಿತು? ಆಸ್ಪತ್ರೆಯ ಕಾಗದಪತ್ರ ತೋರಿಸಿದರೆ ಅವನನ್ನು ಮನೆಗೆ ಕಳುಹಿಸುತ್ತಾರೆಯೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: 2024ರ ಜುಲೈ 1ರಿಂದ ಈಚೆಗೆ ನಡೆದ ಕೃತ್ಯವಾದರೆ ಭಾರತೀಯ ನ್ಯಾಯ ಸಂಹಿತೆಯ 109ನೇ ಕಲಂ ಅನ್ವಯಿಸುತ್ತದೆ, ಅದಕ್ಕೂ ಹಿಂದಿನದಾದರೆ ದಂಡ ಸಂಹಿತೆಯ 307ನೇ ಕಲಂ. ಎರಡರಲ್ಲೂ ಗಾಯ ಎಷ್ಟು ಆಳವಾಗಿದೆ ಎಂಬುದಕ್ಕಿಂತ, ಸತ್ತಿದ್ದರೆ ಕೊಲೆಯೆನಿಸುವಂಥ ಉದ್ದೇಶ ಅಥವಾ ಅರಿವಿನಿಂದ ಆ ಏಟು ಬಿದ್ದಿತೇ ಎಂಬುದೇ ಮುಖ್ಯ. ಗಾಯವೇ ಆಗದಿದ್ದರೂ ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದು. ಗಾಯವಾಗಿದ್ದರೆ ಜೀವಾವಧಿಯವರೆಗೂ ಹೋಗಬಹುದು. ಮಚ್ಚು ಬೀಸಿದ್ದು ಕತ್ತಿನತ್ತಲೋ ತೋಳಿನತ್ತಲೋ, ಎಷ್ಟು ಏಟು, ಆಗ ಏನೆಂದು ಕೂಗಿದ ಎಂಬುದನ್ನೆಲ್ಲ ನೋಡಿ ನ್ಯಾಯಾಲಯ ಉದ್ದೇಶವನ್ನು ಊಹಿಸುತ್ತದೆ.

ನಿಮ್ಮ ತಮ್ಮನ ರಕ್ಷಣೆಗಿರುವುದು ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 84. ಆದರೆ ಕಾಯಿಲೆಯಿದೆ ಎಂಬ ಸರ್ಟಿಫಿಕೇಟ್ ಒಂದರಿಂದಲೇ ಖುಲಾಸೆ ಸಿಗುವುದಿಲ್ಲ. ಆ ಗಳಿಗೆಯಲ್ಲಿ ಚಿತ್ತವಿಕಲತೆಯಿಂದಾಗಿ ತಾನು ಮಾಡುತ್ತಿರುವುದೇನೆಂದು, ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿಯೇ ಅವನಿಗೆ ಇರಲಿಲ್ಲ ಎಂಬುದು ಸಾಬೀತಾಗಬೇಕು. ವೈದ್ಯರು ಹೇಳುವ ಮನೋರೋಗಕ್ಕೂ ಕಾನೂನು ಒಪ್ಪುವ ಚಿತ್ತವಿಕಲತೆಗೂ ಇರುವ ಈ ಅಂತರವನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಹಾಗಾಗಿ ಘಟನೆಯ ಹಿಂದುಮುಂದಿನ ದಿನಗಳ ವಿವರಕ್ಕೆ ಬಹಳ ಬೆಲೆಯಿದೆ. ಮಾತ್ರೆ ನಿಂತದ್ದು ಯಾವಾಗ, ಬಾವಿಯ ನೀರು ಕುಡಿಯಲು ಯಾವಾಗಿನಿಂದ ಒಲ್ಲೆನೆಂದ, ಏಟು ಹಾಕಿದ ಮೇಲೆ ಮಚ್ಚು ಹಿಡಿದು ಅಲ್ಲಿಯೇ ನಿಂತಿದ್ದನೇ ಅಥವಾ ಅದನ್ನು ಬಚ್ಚಿಟ್ಟು ಓಡಿದನೇ? ಬಚ್ಚಿಟ್ಟು ಓಡಿದ್ದರೆ, ತಪ್ಪೆಂಬ ಅರಿವಿತ್ತು ಎಂದು ಸರ್ಕಾರಿ ಅಭಿಯೋಜಕರು ಖಂಡಿತ ವಾದಿಸುತ್ತಾರೆ. ಕಂಡವರ ಹೆಸರು, ಔಷಧಿ ಚೀಟಿಗಳು, ಹೊರರೋಗಿ ಪುಸ್ತಕ ಎಲ್ಲವನ್ನೂ ಈಗಲೇ ವಕೀಲರ ಕೈಗೆ ಕೊಡಿ. ಬಂಧನದಲ್ಲಿದ್ದರೆ ತಡಮಾಡದೆ ಮನೋವೈದ್ಯರ ತಪಾಸಣೆ ಕೋರಿ ಅರ್ಜಿ ಹಾಕಿಸಿ, ಏಕೆಂದರೆ ತಿಂಗಳುಗಳ ನಂತರ ಮಾಡಿದ ತಪಾಸಣೆ ಅಂದಿನ ಮನಃಸ್ಥಿತಿಯ ಬಗ್ಗೆ ಹೆಚ್ಚೇನೂ ಹೇಳಲಾರದು.

ಸಾಬೀತುಪಡಿಸುವ ಹೊಣೆ ಆರೋಪಿಯದೇ ಆದರೂ ಅದು ಸರ್ಕಾರದ ಹೊಣೆಯಷ್ಟು ಭಾರವಲ್ಲ; ಸಂಭವನೀಯತೆ ಅವನ ಕಡೆ ವಾಲಿದರೆ ಸಾಕು. ಅಷ್ಟೂ ಆಗದಿದ್ದರೂ, ಕೊಲ್ಲುವ ಉದ್ದೇಶವಿತ್ತೇ ಎಂಬ ಬಗ್ಗೆಯೇ ಆ ಸಾಕ್ಷ್ಯದಿಂದ ಸಮಂಜಸ ಸಂಶಯ ಹುಟ್ಟಬಹುದು ಎಂದು 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಉದ್ದೇಶವೇ ತಿರುಳಾಗಿರುವ ಕೊಲೆಯತ್ನದ ಪ್ರಕರಣದಲ್ಲಿ ಈ ಮಾತನ್ನು ನಿಮ್ಮ ವಕೀಲರು ಒತ್ತಿ ಹೇಳಲೇಬೇಕು.

ಅವನು ಈಗಲೂ ವಿಚಾರಣೆ ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿಲ್ಲದಿದ್ದರೆ ಅದು ಬೇರೆಯೇ ಪ್ರಶ್ನೆ. ಕ್ರಿಮಿನಲ್ ವಿಚಾರಣೆಯ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 368ನೇ ಕಲಮಿನಡಿ ಸೆಷನ್ಸ್ ನ್ಯಾಯಾಲಯ ವಿಚಾರಣೆಯನ್ನು ಮುಂದೂಡಬಹುದು.

ಖುಲಾಸೆಯಾದರೂ ಅವನು ಆ ದಿನವೇ ಮನೆಗೆ ಬರುವನೆಂದು ನಿರೀಕ್ಷಿಸಬೇಡಿ. ಕೃತ್ಯ ಅವನದೇ ಎಂದು ತೀರ್ಪು ಹೇಳಿದರೆ, ಅದೇ ಸುರಕ್ಷಾ ಸಂಹಿತೆಯ 374ನೇ ಕಲಮಿನಂತೆ ಅವನನ್ನು ಸುರಕ್ಷಿತ ವಶದಲ್ಲಿಡಲು ಆದೇಶಿಸಬಹುದು, ಇಲ್ಲವೇ ನೀವು ಅರ್ಜಿ ಸಲ್ಲಿಸಿ, ಅವನನ್ನು ನೋಡಿಕೊಳ್ಳುತ್ತೇವೆ, ಅವನಿಂದ ಅವನಿಗಾಗಲಿ ಇತರರಿಗಾಗಲಿ ಅಪಾಯವಾಗದಂತೆ ತಡೆಯುತ್ತೇವೆ ಎಂದು ಜಾಮೀನು ಕೊಟ್ಟರೆ ನಿಮ್ಮ ವಶಕ್ಕೆ ಒಪ್ಪಿಸಬಹುದು. ಮಾತ್ರೆ ತಪ್ಪದಂತೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮನೆಯವರು ಈಗಲೇ ತೀರ್ಮಾನಿಸಿ. ಗಾಯಗೊಂಡ ನೆರೆಯವರ ಚಿಕಿತ್ಸೆಯ ಖರ್ಚನ್ನೂ ಮರೆಯಬೇಡಿ. ಸಂತ್ರಸ್ತರ ಪರಿಹಾರಕ್ಕಾಗಿ ಅವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ವಕೀಲರನ್ನಿಡುವ ಶಕ್ತಿ ನಿಮಗಿಲ್ಲದಿದ್ದರೆ ಉಚಿತ ನೆರವು ಸಿಗುವುದೂ ಅದೇ ಕಚೇರಿಯಲ್ಲಿ.